ಪಡಸಾಲೆಯ ತುಂಗಭದ್ರೆ

“ಇನ್ನ ಮೂರು ವಾರ ತಡಿ. ಈ ಪಡಸಾಲ್ಯಾಗ ತುಂಗಭದ್ರಿ ಹರೀತಾಳ, ನೋಡ್ತಿರು!”

ಹೀಗೆಂದು ಸೇತುಮಾಧವರಾಯರು ಎಡಗೈಯನ್ನು ಸೊಂಟಕ್ಕೂ ಬಲಗೈಯನ್ನು ಆಕಾಶಕ್ಕೂ ಕೊಟ್ಟು ಘೋಷಿಸಿದಾಗ ಅವರ ಧರ್ಮಪತ್ನಿ ತುಳಸಿಬಾಯಿ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಮೊದಲ ನಳದಾಗ ಹರೀಲಿ. ಪಡಸಾಲಿದು ಆಮ್ಯಾಲೆ ನೋಡೂಣಂತ,” ಎಂದರು.

ಮಾತಿನಲ್ಲಿ ಸತ್ಯವಿತ್ತು. ಆಗಿನ ಆದವಾನಿಯಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದರೂ ಮದುವೆಗೆ ಬಂದ ದೊಡ್ಡ ಮನುಷ್ಯರ ಹಾಗೆ ಮುಖ ತೋರಿಸಿ ಗಂಟೆಯೊಳಗೆ ಎದ್ದುಬಿಡುತ್ತಿತ್ತು. ಅಂಥ ಊರಲ್ಲಿ ಕೂತು ಹೊಳೆಯ ಕನಸು ಕಾಣಲು ಎಂಟೆದೆ ಬೇಕು, ಇಲ್ಲವೇ ನೀರಾವರಿ ಕಚೇರಿಯಲ್ಲಿ ಕೆಲಸವಿರಬೇಕು. ರಾಯರಿಗೆ ಎರಡನೆಯದು ಇತ್ತು.

ಕೆಲಸವೆಂದರೆ ಟ್ರೇಸರ್ ಕೆಲಸ. ಎಂಜಿನಿಯರುಗಳು ಬರೆದ ಕಾಲುವೆ, ತೂಬುಗಳ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಹಾಸಿ, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಗೆರೆಯ ಮೇಲೆ ಗೆರೆ ಎಳೆಯುವುದು. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ. ಅದರ ಮಹಡಿಯಲ್ಲಿ ‘ಡಿಸೈನ್ಡ್ ಬೈ’, ನಡುವೆ ‘ಚೆಕ್ಡ್ ಬೈ’, ಕಟ್ಟಕಡೆಯ ನೆಲಮಾಳಿಗೆಯಲ್ಲಿ ‘ಟ್ರೇಸ್ಡ್ ಬೈ’. ಇಪ್ಪತ್ತೆರಡು ವರ್ಷದಿಂದ ರಾಯರ ಸಹಿಗೆ ಆ ನೆಲಮಾಳಿಗೆಯೇ ವಾಸಸ್ಥಾನ. ಸಾಯುವುದರೊಳಗೆ ಒಂದೇ ಒಂದು ನಕ್ಷೆಗೆ, ಒಂದೇ ಒಂದು ಸಲ, ಮಹಡಿಯಲ್ಲಿ ಸಹಿ ಹಾಕಬೇಕೆಂಬುದು ಅವರ ಆಸೆ. ಆದರೆ ಟ್ರೇಸರನಿಗೆ ಯಾರು ಕಾಲುವೆ ಕಟ್ಟಲು ಬಿಡುತ್ತಾರೆ?

ಆ ಘೋಷಣೆಗೆ ಕೆಲವು ದಿನ ಮೊದಲು ಅವರ ದವಡೆ ಹಲ್ಲು ನೋಯಿತು. ಕೀಳಿಸಲು ಬಳ್ಳಾರಿಗೆ ಹೋದರು. ಡಾಕ್ಟರರ ಹೊರಕೋಣೆಯಲ್ಲಿ ಒಂದು ಗಾಜಿನ ಮೀನಿನ ತೊಟ್ಟಿ! ಬಿಸಿಲಲ್ಲಿ ಬೆಂದು ಬಂದಿದ್ದ ರಾಯರ ಕಣ್ಣಿಗೆ ಒಳಗಿನ ಹಸಿರು ಗಿಡಗಳು ತಣ್ಣಗೆ ಕೈ ಬೀಸಿದವು. ಎಲೆಗಳು ಗಾಳಿಯಿಲ್ಲದೆ ತೂಗುತ್ತಿದ್ದವು. ಪುಟ್ಟ ಮೀನುಗಳು ಯಾವ ಕಚೇರಿಗೂ ತಡವಾಗದವರ ಹಾಗೆ ಹೋಗಿ ಬಂದು ಮಾಡುತ್ತಿದ್ದವು. ರಾಯರು ತಮ್ಮ ಪಾಳಿ ಬಂದಾಗಲೆಲ್ಲ “ನೀವು ಹೋಗ್ರಿ, ನೀವು ಹೋಗ್ರಿ” ಎಂದು ನಾಲ್ಕು ಜನರನ್ನು ಒಳಗೆ ಕಳಿಸಿದರು. ಹಲ್ಲು ನೋಯುವುದನ್ನೇ ಮರೆತಿತ್ತು. ಒಂದೇ ಒಂದು ಕುಂದು: ನೀರಿನ ನಟ್ಟನಡುವೆ ಕರೀ ಪೈಪೊಂದು ರೋಗಿಯ ಮೂಗಿಗೆ ಹಾಕಿದ ನಳಿಕೆಯಂತೆ ನಿಂತು ಬುಳುಬುಳು ಎನ್ನುತ್ತಿತ್ತು.

“ಹೊಳಿಗೆ ಎಲ್ಲೆರೆ ಪೈಪು ಕಾಣ್ತದೇನು?” ಎಂದು ರಾಯರು ತಮ್ಮಷ್ಟಕ್ಕೇ ಅಂದುಕೊಂಡರು. ತಮ್ಮ ತೊಟ್ಟಿಯಲ್ಲಿ ಪೈಪು, ಪಂಪು ಎಲ್ಲ ಗೋಡೆಯ ಆಚೆ! ಈಚೆ ಬರೀ ಗಿಡ, ಮೀನು, ಹರಿಯುವ ನೀರು. ಅದಕ್ಕೊಂದು ನಕ್ಷೆ. ಆ ನಕ್ಷೆಯ ಮೂಲೆಯಲ್ಲೊಂದು ಚೌಕ. ಆ ಚೌಕದ ಮಹಡಿಯಲ್ಲಿ...

ಊರಿಗೆ ಬಂದವರೇ ನಕ್ಷೆ ಬರೆದರು. ಮೊದಲು ಮಾಡಿದ ಕೆಲಸ ಸಹಿ. ಆಮೇಲೆ ತೊಟ್ಟಿ.

ಯೋಜನೆ ಸರಳವಾಗಿತ್ತು. ಪಡಸಾಲೆಯ ಗೋಡೆಗೆ ಒತ್ತಿ ಎತ್ತರದ ಮೇಜು, ಅದರ ಮೇಲೆ ಮೂರಡಿ ಉದ್ದದ ಗಾಜಿನ ತೊಟ್ಟಿ. ಗೋಡೆಯ ಆಚೆ ಅಡಿಗೆಮನೆಯ ಮೂಲೆಯಲ್ಲಿ ನೀರು ತುಂಬಿದ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರೊಳಗೆ ಮುಳುಗಿದ ಪಂಪು. ಪಂಪು ಒಂದು ಪೈಪಿನಲ್ಲಿ ನೀರನ್ನು ತೊಟ್ಟಿಗೆ ಏರಿಸುತ್ತದೆ. ಹೆಚ್ಚಾದ ನೀರು ಮೇಲ್ತುದಿಯ ಇನ್ನೊಂದು ಪೈಪಿನಲ್ಲಿ ಡ್ರಮ್ಮಿಗೆ ಇಳಿಯುತ್ತದೆ. ಏರು, ಇಳಿ, ಏರು, ಇಳಿ. ಯುಗಯುಗಾಂತರ!

ತೊಡಕು ಇದ್ದದ್ದು ಆ ಅಡಿಗೆಮನೆಯ ಮೂಲೆಯಲ್ಲಿ. ಅಲ್ಲಿ ಮಡಿ ನೀರಿನ ಕಲ್ಲಿನ ದೋಣಿ ಇತ್ತು. ಮುತ್ತಾತನ ಕಾಲದ್ದು, ನೆಲದಲ್ಲಿ ಅರ್ಧ ಹೂತದ್ದು, ಅರ್ಧಕ್ಕೆ ಮಾತ್ರ ಚಪ್ಪಡಿ ಮುಚ್ಚಿದ್ದು. ನಳ ಬಂದ ದಿನ ತುಳಸಿಬಾಯಿ ಒದ್ದೆ ಸೀರೆಯಲ್ಲಿ ಅದನ್ನು ತುಂಬಬೇಕು. ಆ ನೀರು ದೇವರಿಗೆ, ಮತ್ತು ದೇವರಷ್ಟೇ ಕಟ್ಟುನಿಟ್ಟಿನ ವೆಂಕೂಬಾಯಿಯವರಿಗೆ.

ವೆಂಕೂಬಾಯಿ ರಾಯರ ಸೋದರತ್ತೆ. ಎಪ್ಪತ್ತನಾಲ್ಕು ವರ್ಷ. ತಾಯಿಯಿಲ್ಲದ ರಾಯರನ್ನು ಸಾಕಿದವರು. ಆದರೆ ಮಡಿಯಲ್ಲಿದ್ದಾಗ ಸಾಕುಮಗನನ್ನೂ ಮುಟ್ಟರು, ಮಗನ ತಟ್ಟೆಯನ್ನೂ ಮುಟ್ಟರು, ಅವರ ಪಾತ್ರೆಯ ಅಂಚು ಇನ್ನೊಬ್ಬರ ಲೋಟದ ಅಂಚಿಗೆ ತಾಕಲೂಬಾರದು. ಮಜ್ಜಿಗೆ ಬಡಿಸಿದರೆ ಮೊಳದೆತ್ತರದಿಂದ! “ತಾಕಿಸಬ್ಯಾಡ, ಮ್ಯಾಲಿಂದ ಹಾಕು” ಎಂಬುದು ಆ ಮನೆಯ ಮೂಲಮಂತ್ರ. ರಾಯರ ಬಾಲ್ಯದ ಅಂಗಿಗಳೆಲ್ಲ ಎದೆಯ ಮೇಲೆ ಮಜ್ಜಿಗೆಯ ಕಲೆಯೊಂದಿಗೇ ಹರಿದವು.

“ಡ್ರಮ್ಮು ಇಡಬೇಕಂದ್ರ ಇಡು,” ಎಂದರು ವೆಂಕೂಬಾಯಿ ಬಹಳ ಯೋಚಿಸಿ. “ಮಡೀ ದೋಣಿಗೆ ಒಂದು ಮೊಳ ದೂರ ಇರ್ಲಿ. ತಾಕಬಾರದು.”

ರಾಯರು ಸ್ಕೇಲು ತಂದು ಹದಿನೆಂಟು ಇಂಚು ಅಳೆದರು. ದೋಣಿಯ ಪಕ್ಕದ ಕಟ್ಟೆಯ ಮೇಲೆ ಡ್ರಮ್ಮು ಕೂತಿತು. ದೋಣಿಗಿಂತ ಎತ್ತರದಲ್ಲಿ, ಕಾನೂನಿನ ದೂರದಲ್ಲಿ.

ಪಂಪು ಬೇಸಿಗೆಯ ಕೂಲರಿನದು. ಅದನ್ನು ಬಿಚ್ಚುವಾಗ ತುಳಸಿಬಾಯಿ ಬಾಗಿಲಿಗೆ ಬಂದು ನಿಂತರು.

“ಮನಷ್ಯಾರು ಶಕಿಗೆ ಸಾಯ್ಲಿಕ್ಕೆ ಹತ್ತೀವಿ. ಮೀನಿಗೆ ಪಂಪೇನ್ರೀ?”

“ಮೀನಿಗಲ್ಲ ತುಳಸಿ. ಹರಿವಿಗೆ!”

“ಏನಂದ್ರಿ?”

“ಹರಿವು. ಫ್ಲೋ! ನಿನಗ ತಿಳಿಯೂದಿಲ್ಲ.”

“ತಿಳೀತು. ನಮ್ಮ ಬೆವರಿಂದು ಹರಿವು.”

ಪೈಪು ಕೂಡಿಸಲು ಮೋಟರ್ ರಿಪೇರಿಯ ಮಾರೆಣ್ಣ ಬಂದ. ಪೆದ್ದಕಡುಬೂರಿನ ಬಾವಿಗಳಿಂದ ಆದವಾನಿಯ ಕೂಲರುಗಳವರೆಗೆ ನೀರೆತ್ತುವ ಎಲ್ಲ ಯಂತ್ರಗಳ ನಾಡಿ ಬಲ್ಲವನು. ಗೋಡೆಗೆ ತೂತು ಹೊಡೆದ. ನಕ್ಷೆಯನ್ನು ಬಲಕ್ಕೆ ತಿರುಗಿಸಿ ನೋಡಿದ, ಎಡಕ್ಕೆ ತಿರುಗಿಸಿ ನೋಡಿದ, ತಲೆ ಕೆರೆದುಕೊಂಡ.

“ಸಾಮಿ, ಈ ಏರೋ ಪೈಪಿನ ಬಾಯಿ ತೊಟ್ಟಿ ತಳದಾಗ ಹೂತೀರಲ್ಲ?”

“ಗಿಡದ ಮರೆಗೆ. ಕಾಣಬಾರದು ನೋಡು!”

“ಹಂಗಾರ ಒಂದು ಫುಟ್‌ವಾಲು ಹಾಕಾಣ ಸಾಮಿ. ಬಾವಿ ಮೋಟರಿಗೆ ಹಾಕ್ತೀವಲ್ಲ, ನೀರು ತಿರುಗಿ ಬರದ್ಹಂಗ ತಡಿಯೋದು. ಲೇಕುಂಟೆ ಕರೆಂಟು ಪೋತೇ ನೀಳ್ಳು ಎನಕ್ಕಿ ವಸ್ತಾಯಿ.”

“ಕರೆಂಟು ಹೋದ್ರ ನೀರು ಹಿಂದಕ್ಕ ಬರ್ತದ?” ರಾಯರು ನಕ್ಕರು. ಇಪ್ಪತ್ತೆರಡು ವರ್ಷ ಕಾಲುವೆಗಳ ಮೇಲೆ ಗೆರೆ ಎಳೆದವರ ನಗು ಅದು. “ಮಾರೆಣ್ಣಾ, ಹೊಳಿ ಎಂದಾದ್ರೂ ಹಿಂದಕ್ಕ ಹರದದೇನು? ನಕ್ಷಾದಾಗ ಇಲ್ಲದ್ದು ನಾವು ಹಾಕಬಾರದು. ಡಿಸೈನು ಅಂದ್ರ ಡಿಸೈನು!”

ಮಾರೆಣ್ಣ ಸಹಿಯನ್ನು ನೋಡಿದ. ಸಹಿಯ ಕೆಳಗೆ ಎರಡು ಗೆರೆ ಎಳೆದದ್ದೂ ಕಂಡಿತು. ಹೇಳಿದಂತೆಯೇ ಪೈಪು ಕೂಡಿಸಿದ.

ಹೀಗೆ, ಇಳಿಜಾರನ್ನು ಲೆಕ್ಕ ಹಾಕಿದ, ಪೈಪಿನ ಮೊಳಕೈಗಳನ್ನು ಲೆಕ್ಕ ಹಾಕಿದ, ಗಿಡದ ಎಲೆ ಎಷ್ಟು ತೂಗಬೇಕೆಂಬುದನ್ನೂ ಲೆಕ್ಕ ಹಾಕಿದ ಮಹಾಶಿಲ್ಪಿಯು ಆದವಾನಿಯಲ್ಲಿ ಕೂತು ಕರೆಂಟು ಹೋಗುತ್ತದೆ ಎಂಬ ಒಂದೇ ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ!

ಪ್ರಾರಂಭೋತ್ಸವ ಭಾನುವಾರ. ಕಚೇರಿಗೆ ರಜೆ ಎಂಬುದಷ್ಟೇ ರಾಯರ ತಲೆಯಲ್ಲಿದ್ದದ್ದು. ಅಂದು ಏಕಾದಶಿ ಎಂದು ತುಳಸಿಬಾಯಿ ನೆನಪಿಸಿದರು. ವೆಂಕೂಬಾಯಿ ಏಕಾದಶಿಗೆ ಹನಿ ನೀರನ್ನೂ ಮುಟ್ಟುವುದಿಲ್ಲ. ಮರುದಿನ ಸೂರ್ಯ ಮೂಡಿದ ಮೇಲೆ ಪಾರಣೆಗೇ ಬಾಯಿ ತೆರೆಯುವುದು. ಅದೂ ಮಡಿ ನೀರಿನಿಂದ. ಬೆಳಿಗ್ಗೆ ನಳ ಬಂದಿತ್ತು, ದೋಣಿ ತುಂಬಿತ್ತು. ಇನ್ನು ನಳ ಬರುವುದು ಮಂಗಳವಾರ.

“ದೋಣಿ ಕಡೆ ಧ್ಯಾಸ ಇರ್ಲಿ,” ಎಂದರು ತುಳಸಿಬಾಯಿ. “ಮನ್ಯಾಗ ಇರೂ ಮಡೀ ನೀರು ಅದೊಂದೇ.”

“ಹದಿನೆಂಟು ಇಂಚು ಅದ ತುಳಸಿ, ಹದಿನೆಂಟು ಇಂಚು!”

ಡ್ರಮ್ಮನ್ನೂ ತೊಟ್ಟಿಯನ್ನೂ ರಾಯರು ಬಾವಿಯ ಉಪ್ಪು ನೀರಿನಿಂದ ಕಂಠಪೂರ್ತಿ ತುಂಬಿಸಿದರು. ಅರ್ಧಕ್ಕೇ ನಿಲ್ಲಿಸುವುದು ದರಿದ್ರ ಲಕ್ಷಣವೆಂದು. ತೊಟ್ಟಿಯ ತಳಕ್ಕೆ ತೊಳೆದ ಮರಳು, ಮರಳಲ್ಲಿ ಮಂತ್ರಾಲಯದ ಹೊಳೆಯಿಂದ ತಂದ ನೀರುಹುಲ್ಲು, ರಿಬ್ಬನ್ನಿನ ಹಾಗೆ ಉದ್ದದ್ದು. ಸೊಳ್ಳೆಮರಿ ತಿನ್ನಲೆಂದು ಬಾವಿಗಳಿಗೆ ಬಿಡುವ ಜಾತಿಯ ಪುಟ್ಟ ಮೀನು ಎಂಟು, ಒಂದೊಂದೂ ಉಗುರಿನಷ್ಟು. ಹರಿವಿಗೆ ಅಡ್ಡಿಯೆಂದು ಪೈಪಿನ ಬಾಯಿಯ ಜಾಲರಿಯನ್ನು ರಾಯರೇ ಕಿತ್ತರು, ಪಂಪಿನದನ್ನೂ ಕಿತ್ತರು. ಊಟದ ತಾಪತ್ರಯವಿಲ್ಲದ ಮಧ್ಯಾಹ್ನ, ಗುಂಡಿ ಒತ್ತಿದರು.

ನೀರು ಹರಿಯಿತು.

ನಿಜವಾಗಿ ಹರಿಯಿತು! ಸದ್ದಿಲ್ಲ, ಗುಳ್ಳೆಯಿಲ್ಲ. ಹುಲ್ಲು ಒಂದೇ ದಿಕ್ಕಿಗೆ ಬಾಗಿ, ಯಾರೋ ಬಾಚುತ್ತಿರುವ ಕೂದಲಿನಂತೆ ನಿಧಾನಕ್ಕೆ ತೂಗಿತು. ಕಿಟಕಿಯ ಬಿಸಿಲು ಗಾಜಿನೊಳಗೆ ಇಳಿದು ಎಳೆ ಹಸಿರಾಗಿ ಸೂರಿಗೆ ಏರಿತು. ಬಿರಿದ ಸುಣ್ಣದ ಗೋಡೆಯ ಮೇಲೆ ನೀರಿನ ನೆರಳು ಜೋಕಾಲಿ ಆಡಿತು. ಜಪಕ್ಕೆ ಕೂತಿದ್ದ ವೆಂಕೂಬಾಯಿ ಕೂಡ ದೇವರಮನೆಯ ಬಾಗಿಲಿಂದ ಒಂದು ಗಳಿಗೆ ಇಣುಕಿದರು. ತುಳಸಿಬಾಯಿ ಬೈಯಲು ತೆರೆದ ಬಾಯಿ ಮುಚ್ಚಿ, “ಛಲೋ ಅದರೀ” ಎಂದುಬಿಟ್ಟರು! ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಇದು ಎರಡನೆಯ ಸಲ.

ರಾಯರು ಮೇಜಿನ ಬುಡದಲ್ಲಿ ಚಾಪೆ ಹಾಸಿ ಮಲಗಿ, ಮೇಲೆ ನೋಡುತ್ತ, ಕಣ್ಣು ಮುಚ್ಚಿದರು.

ಕನಸಿನಲ್ಲಿ ಮಂತ್ರಾಲಯದ ಹೊಳೆ. ರಾಯರು ಎದೆಮಟ್ಟದ ನೀರಲ್ಲಿ ನಿಂತಿದ್ದಾರೆ, ಕಚೇರಿಯ ಕೋಟು ಹಾಕಿಕೊಂಡೇ. ದಡದಲ್ಲಿ ದೊಡ್ಡ ಎಂಜಿನಿಯರು ಶಾಲು ಹೊದ್ದು, ಬಂಗಾರದ ಮುಳ್ಳಿನ ಪೆನ್ನು ಹಿಡಿದು ಕಾದಿದ್ದಾರೆ. “ಬರ್ರಿ ಸೇತುಮಾಧವರಾವ್, ಇಲ್ಲಿ, ಮ್ಯಾಲಿನ ಖಾನೇದಾಗ ಸಹಿ ಹಾಕ್ರಿ.” ರಾಯರು ನಡೆದಂತೆ ಹೊಳೆಯೂ ನಡೆಯಿತು. ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು. ಪಾದಕ್ಕೆ ಬಂತು. ಮೀನುಗಳು ಸಾಲಾಗಿ, ಹೇಳದೆ ಕೇಳದೆ, ಹಿಂದಕ್ಕೆ ಹೊರಟಿದ್ದವು. “ಅಯ್ಯ, ಹೊಳಿ ಎಲ್ಲಿಗೆ ಹೊಂಟಿತು?” ಎಂದು ಕೇಳಬೇಕೆನ್ನುವಷ್ಟರಲ್ಲಿ ಬೆನ್ನು ತಣ್ಣಗಾಯಿತು.

“ರೀ! ಏಳ್ರೀ! ನಿಮ್ಮ ತುಂಗಭದ್ರಿ ಅಡಿಗಿಮನ್ಯಾಗ ಬಂದಾಳ!”

ಬೆನ್ನು ನಿಜವಾಗಿಯೂ ಒದ್ದೆಯಾಗಿತ್ತು. ಮೇಲೆ ಫ್ಯಾನು ನಿಂತಿತ್ತು. ಕರೆಂಟು ಹೋಗಿತ್ತು!

ಪಂಪು ನಿಂತದ್ದೇ ತಡ, ತಳದಲ್ಲಿ ಮುಳುಗಿದ್ದ ಪೈಪು ತೊಟ್ಟಿಯನ್ನೇ ಹೀರಿ, ಏರಿಸಿದ ನೀರನ್ನೆಲ್ಲ ಬಂದ ದಾರಿಯಲ್ಲೇ ವಾಪಸು ಕಳಿಸಿತ್ತು. ಕಂಠಪೂರ್ತಿ ತುಂಬಿದ್ದ ಡ್ರಮ್ಮಿಗೆ ಹನಿ ಹಿಡಿಸುವ ಜಾಗವಿರಲಿಲ್ಲ. ಉಕ್ಕಿದ ನೀರು ಕಟ್ಟೆಯಿಂದ ಇಳಿದು, ಕಾನೂನುಬದ್ಧ ಹದಿನೆಂಟು ಇಂಚನ್ನು ಒಂದೇ ನೆಗೆತಕ್ಕೆ ದಾಟಿ, ದೋಣಿಯೊಳಗೆ ಧುಮುಕಿ, ಉಳಿದದ್ದು ನೆಲ ತೊಳೆದು, ಯಜಮಾನರ ಬೆನ್ನು ನೋಡಿಕೊಂಡು ಹೋಗಲು ಪಡಸಾಲೆಗೆ ಬಂದಿತ್ತು.

ತೊಟ್ಟಿಯಲ್ಲಿ ಹುಲ್ಲು ಒದ್ದೆ ಜಡೆಯಂತೆ ಮಲಗಿತ್ತು. ಇಂಚು ನೀರಿನಲ್ಲಿ ಆರು ಮೀನು ಪಟಪಟಿಸುತ್ತಿದ್ದವು. ತುಳಸಿಬಾಯಿ ಅವನ್ನು ಚೊಂಬಿಗೆ ತುಂಬಿದರು.

“ಇನ್ನೆರಡು?” ಎಂದರು ರಾಯರು.

ತುಳಸಿಬಾಯಿ ಅಡಿಗೆಮನೆಯತ್ತ ಬೆರಳು ಮಾಡಿದರು.

ಮಡಿ ದೋಣಿಯ ತಿಳಿನೀರಿನಲ್ಲಿ, ಮುತ್ತಾತನ ಕಾಲದ ಕಲ್ಲಿನ ನೆರಳಲ್ಲಿ, ಎರಡು ಪುಟ್ಟ ಮೀನು ನೆಂಟರ ಮನೆಗೆ ಬಂದವರ ಹಾಗೆ ಸುತ್ತು ಹಾಕುತ್ತಿದ್ದವು. ದಡದಲ್ಲಿ ವೆಂಕೂಬಾಯಿ ನಿಂತಿದ್ದರು. ಕೈಯಲ್ಲಿ ಜಪಮಣಿ. ತುಟಿ ಒಣಗಿ ಬಿಳಿಚಿತ್ತು.

“ಸೇತು,” ಎಂದರು. “ಇವು ಯಾರವೋ?”

ಆಗ ರಾಯರಿಗೆ ಲೆಕ್ಕ ಹೊಳೆಯಿತು. ಅತ್ತೆ ನೀರು ಕುಡಿದದ್ದು ನಿನ್ನೆ ದಶಮಿ ಸಂಜೆ. ದೋಣಿ ಮೈಲಿಗೆಯಾಯಿತು. ನಳ ಬರುವುದು ನಾಡಿದ್ದು. ಎಪ್ಪತ್ತನಾಲ್ಕು ವರ್ಷದ ಜೀವ, ಈ ಬಿಸಿಲು, ಅಲ್ಲಿಯವರೆಗೆ ಒಣ ಬಾಯಿ! ಮಡಿ ಬಿಟ್ಟು ನೀರು ಕುಡಿಯಿರೆಂದು ಅವರಿಗೆ ಹೇಳುವ ಗಂಡಸು ಆದವಾನಿಯಲ್ಲಿ ಹುಟ್ಟಿರಲಿಲ್ಲ.

“ಅತ್ತಿ, ತಪ್ಪಾತು. ಈಗ ತರ್ತೀನಿ, ಎಲ್ಲಿಂದರೆ ತರ್ತೀನಿ!”

ತಾಮ್ರದ ಕೊಡ ಹಿಡಿದು ಓಡಿದರು. ಪಕ್ಕದ ಅಂಬೂಬಾಯಿಯ ಮನೆಯಲ್ಲಿ ಮಡಿ ನೀರು ಬೆಳಿಗ್ಗೆಯೇ ದೇವರಿಗೆ ಮುಗಿದಿತ್ತು. ಮಠದ ಬಾವಿಯಲ್ಲಿ ಇಳಿಬಿಟ್ಟ ಕೊಡ ‘ಠಣ್’ ಎಂದು ಕಲ್ಲಿಗೆ ಬಡಿದು, ಎರಡು ಮುಷ್ಟಿ ಕೆಸರು ಹೊತ್ತು ಮೇಲೆ ಬಂತು. ಹಾದಿಯಲ್ಲಿ ಮಾರೆಣ್ಣ ಸಿಕ್ಕ. ಒದ್ದೆ ಬೆನ್ನು, ಖಾಲಿ ಕೊಡ ನೋಡಿದವನಿಗೆ ಏನೂ ಹೇಳಬೇಕಾಗಲಿಲ್ಲ.

“ಕರೆಂಟು ಪೋಯಿಂದಾ ಸಾಮಿ?”

“ಪೋಯಿಂದಿ ಮಾರೆಣ್ಣ.”

“ಹೊಳಿ ಹಿಂದಕ್ಕ ಹರೀತಾ?”

“ಹರೀತಪ್ಪ.”

ಮಾರೆಣ್ಣ ದೊಡ್ಡ ಮನುಷ್ಯ. ನಗಲಿಲ್ಲ, ನಗು ಬಂದಾಗ ಆಕಾಶ ನೋಡಿದ.

ಬರಿಗೊಡ ಹೊತ್ತು ಮನೆಗೆ ಬಂದ ರಾಯರು ಹೊಸ್ತಿಲಲ್ಲೇ ಕೂತರು. “ಅತ್ತಿ, ಬಸ್ಸು ಹಿಡಿದು ಮಂತ್ರಾಲಯಕ್ಕ ಹೋಗಿ ಹೊಳಿ ನೀರೇ ತರ್ತೀನಿ.”

“ಬಸ್ಸಿನ್ಯಾಗ? ಊರ ಮಂದಿ ಮೊಣಕಾಲಿಗೆಲ್ಲ ತಾಕಿ ಬಂದ ನೀರು! ಹುಚ್ಚಪ್ಪ, ಒಳಗ ಬಾ.”

ವೆಂಕೂಬಾಯಿ ದೇವರಮನೆಯ ಬಾಗಿಲಲ್ಲಿ ನಿಂತು, ದೇವರ ಮಂಟಪದ ಹಿಂದೆ ತೋರಿಸಿದರು. ಮುಚ್ಚಳ ಹಾಕಿದ ಎರಡು ತಾಮ್ರದ ತಂಬಿಗೆಗಳು ನೀರು ತುಂಬಿಕೊಂಡು, ತಮಗೇನೂ ಗೊತ್ತಿಲ್ಲವೆಂಬಂತೆ ಕೂತಿದ್ದವು.

ರಾಯರ ಕಣ್ಣಲ್ಲಿ ನೀರು ಬಂತು. “ಯಾವಾಗ ಇಟ್ಟೀರಿ ಅತ್ತಿ?”

“ನೀ ಗ್ವಾಡಿಗೆ ತೂತು ಹೊಡಿಸಿದ ದಿನದಿಂದ. ನಳ ಬಂದಾಗೊಮ್ಮೆ ತೆಗೆದಿಡ್ತೀನಿ. ನಿನ್ನ ಸಾಕಿದಾಕಿ ನಾನು, ನನಗ ಗೊತ್ತಿಲ್ಲೇನು?”

ಆಮೇಲೆ ಪಡಸಾಲೆಗೆ ಬಂದು, ಮೊಳ ದೂರದಲ್ಲಿ ನಿಂತು, ಬರಿದಾದ ತೊಟ್ಟಿಯ ತಳದಲ್ಲಿದ್ದ ಪೈಪಿನ ಮೂತಿಯನ್ನು ನೋಡಿದರು.

“ತಾಕಿಸಿಟ್ಟೀಯಲ್ಲೋ ನೀರಿಗೆ! ಹುಟ್ಟಿದಾಗಿಂದ ಹೇಳೀನಿ ನಿನಗ. ತಾಕಿಸಬ್ಯಾಡ, ಮ್ಯಾಲಿಂದ ಹಾಕು.”

ಮಡಿಯ ಬೈಗುಳವೆಂದು ತಿಳಿದು ರಾಯರು ತಲೆ ತಗ್ಗಿಸಿದರು. ಅಷ್ಟೇ ತಿಳಿಯಿತು ಅವರಿಗೆ.

ಮರುದಿನ ಸೂರ್ಯ ಮೂಡಿದ. ಪಾರಣೆ ಸಾಂಗವಾಗಿ ಆಯಿತು. ವೆಂಕೂಬಾಯಿಯ ತುಟಿಗೆ ಬಣ್ಣ ಬಂತು. ತಂಬಿಗೆಯಲ್ಲಿ ಉಳಿದದ್ದನ್ನು ರಾಯರ ಬೊಗಸೆಗೆ ಹಾಕಿದರು, ಎಂದಿನಂತೆ ಮೊಳದೆತ್ತರದಿಂದ. ಬೆಳಗಿನ ಬಿಸಿಲಲ್ಲಿ ಧಾರೆ ಗಾಜಿನ ಕಡ್ಡಿಯ ಹಾಗೆ ಇಳಿಯಿತು. ಸಾಕೆಂದು ತಂಬಿಗೆ ಎತ್ತಿದರು. ಧಾರೆ ಕಡಿಯಿತು. ಮೇಲಿನದು ಮೇಲೆ ಉಳಿಯಿತು, ಬೊಗಸೆಯದು ಬೊಗಸೆಯಲ್ಲಿ ಉಳಿಯಿತು. ಒಂದು ಹನಿಯೂ ಹಿಂದಕ್ಕೆ ಹೋಗಲಿಲ್ಲ.

ರಾಯರು ಬೊಗಸೆ ಹಿಡಿದೇ ನಿಂತರು. ಬೆರಳ ಸಂದಿಯಿಂದ ನೀರು ಸೋರಿ, ಬಾಲ್ಯದಲ್ಲಿ ಮಜ್ಜಿಗೆ ಬೀಳುತ್ತಿದ್ದ ಜಾಗಕ್ಕೇ, ಎದೆಯ ಮೇಲೆ ಬಿತ್ತು.

“ತಾಕದಿದ್ರ... ಹಿಂದಕ್ಕ ಹೋಗೂದಿಲ್ಲ!” ಎಂದು ಪಿಸುಗುಟ್ಟಿದರು.

“ಏನಂತಾರ ಇವರು?” ಎಂದರು ತುಳಸಿಬಾಯಿ.

“ಮಾರೆಣ್ಣನ್ನ ಕರಸು!”

ಮಾರೆಣ್ಣ ಪೈಪಿನ ಮೂತಿಯನ್ನು ನೀರಿನಿಂದ ಗೇಣು ಮೇಲಕ್ಕೆ ಎತ್ತಿ ಕಟ್ಟಿದ. ಡ್ರಮ್ಮಿನ ಅರ್ಧ ನೀರನ್ನು ತೋಡಿ ತೊಟ್ಟಿಗೆ ತುಂಬಿದ. ಕಿತ್ತೆಸೆದ ಜಾಲರಿಗಳನ್ನು ಹುಡುಕಿ ತೊಡಿಸಿದ. ಗುಂಡಿ ಒತ್ತಿದ ಮೇಲೆ ಧಾರೆ ಮೇಲಿನಿಂದ ತೊಟ್ಟಿಗೆ ಬಿತ್ತು. ಈಗ ಪೈಪು ಕಾಣುತ್ತಿತ್ತು, ಸದ್ದೂ ಇತ್ತು. ಆದರೆ ಎಂಥ ಸದ್ದು! ಒಣಗಿದ ಊರಿನ ಒಣಗಿದ ಪಡಸಾಲೆಯಲ್ಲಿ ನೀರು ನೀರಿನ ಮೇಲೆ ಬೀಳುವ ಸದ್ದು. ಬೀದಿಯಲ್ಲಿ ಹೋಗುತ್ತಿದ್ದ ಬಸವಕ್ಕ “ನಳ ಬಂತೇನ್ರೀ?” ಎಂದು ಕೊಡ ಹಿಡಿದು ಓಡಿ ಬಂದಳು.

ಮಾರೆಣ್ಣ ಗುಂಡಿ ಆರಿಸಿದ. ಎಲ್ಲರೂ ಉಸಿರು ಹಿಡಿದರು. ಪೈಪು ಒಮ್ಮೆ ಗೊರಕೆ ಹೊಡೆಯಿತು. ಲೋಟದಷ್ಟು ನೀರು ಡ್ರಮ್ಮಿಗೆ ಇಳಿಯಿತು. ಅಷ್ಟೇ. ತೊಟ್ಟಿ ತುಂಬಿದ ಹಾಗೇ ನಿಂತಿತು. ಹುಲ್ಲು ತೂಗುವುದನ್ನು ಬಿಟ್ಟು ನೆಟ್ಟಗೆ ಎದ್ದಿತು.

“ಅಮ್ಮಾರು ಚೆಪ್ಪಿಂದೇ ಕರೆಕ್ಟು, ಹೇಳಿದ್ದೇ ಕರೆಕ್ಟು!” ಎಂದ ಮಾರೆಣ್ಣ. “ಫುಟ್‌ವಾಲು ಬ್ಯಾಡ, ಏನೂ ಬ್ಯಾಡ.”

ರಾಯರು ಮೇಜಿನ ಖಾನೆಯಿಂದ ನಕ್ಷೆ ತೆಗೆದರು. ಟ್ರೇಸಿಂಗ್ ಕಾಗದದ ಮೇಲಿನ ಮಸಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಆ ಕಲೆಯಲ್ಲಿ ಅವರಿಗೆ ಸಮನಾದವರು ಜಿಲ್ಲೆಯಲ್ಲೇ ಇರಲಿಲ್ಲ. ಪೈಪಿನ ಮುಳುಗಿದ ಮೂತಿಯನ್ನು ಕೆರೆದರು, ಮೇಲೆ ಬರೆದರು. ಆಮೇಲೆ ಚೌಕಕ್ಕೆ ಬಂದರು. ಮಹಡಿಯಲ್ಲಿ ಎರಡು ಗೆರೆಯ ಸಹಿ ಇತ್ತು. ಸ್ವಲ್ಪ ಹೊತ್ತು ನೋಡಿದರು. ನಂತರ ಅದನ್ನೂ ಕೆರೆದರು, ಗೆರೆಗಳ ಸಮೇತ. ಅಲ್ಲಿ ದುಂಡು ಅಕ್ಷರದಲ್ಲಿ ‘ವೆಂಕೂಬಾಯಿ’ ಎಂದು ಬರೆದರು. ತಮ್ಮ ಸಹಿಯನ್ನು ನೆಲಮಾಳಿಗೆಯ ಹಳೆಯ ಮನೆಗೇ ಇಳಿಸಿದರು.

ಮಸಿ ಆರಿದ ಮೇಲೆ ಒಯ್ದು ಅತ್ತೆಯ ಮುಂದೆ, ದೂರದಲ್ಲಿ ಹಿಡಿದರು. ವೆಂಕೂಬಾಯಿ ತೊಟ್ಟಿಯ ಎದುರು ಕೂತಿದ್ದರು. ಸೂರಿನ ಮೇಲಿನ ಹಸಿರು ಬೆಳಕು ಅವರ ಬಿಳಿ ಕೂದಲಿನ ಮೇಲೆ ಆಡುತ್ತಿತ್ತು.

“ಏನೋ ಇದು?”

“ಈ ನಕ್ಷಾ ಮಾಡಿದವರ ಹೆಸರು ಅತ್ತಿ. ನಿಮ್ಮದು.”

“ನನ್ನ ಹೆಸರು ಎಲ್ಲದ?”

“ಇಲ್ಲಿ. ಮ್ಯಾಲೆ.”

“ನಿಂದು?”

“ಕೆಳಗ.”

ವೆಂಕೂಬಾಯಿ ಕನ್ನಡಕ ಏರಿಸಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಪರೀಕ್ಷಿಸಿದರು. ಕಡೆಗೆ ಕೇಳಿದರು:

“ತಾಕಿಲ್ಲಲ್ಲ?”